ಪೊಟ್ಯಾಸಿಯಂ ಮೇಷ್ಟ್ರು

ತಿ. ನರಸೀಪುರದ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಗುರುಮಲ್ಲಪ್ಪ ಮೇಷ್ಟ್ರ ಜೊತೆ ಪೇಟೆಗೆ ಹೋಗುವುದೆಂದರೆ ಹೆಂಡತಿ ಗೌರಮ್ಮಣ್ಣಿಯವರಿಗೆ ತಲೆನೋವು. ರಸಬಾಳೆ ಕೊಳ್ಳಲು ನಿಂತರೆ ಸಾಕು, "ಇದರಲ್ಲಿರೋ ಪೊಟ್ಯಾಸಿಯಂ ಇದೆಯಲ್ಲ..." ಎಂದು ಶುರು. ಜೀವಕೋಶದ ಪೊರೆಯಲ್ಲಿ ಪ್ರೋಟೀನಿನ ಪುಟ್ಟ ಬಾಗಿಲುಗಳಿವೆಯಂತೆ. ಪೊಟ್ಯಾಸಿಯಂಗೆ ದಾರಿ ಬಿಡುವ ಅವು ಅದಕ್ಕಿಂತ ಚಿಕ್ಕದಾದ ಸೋಡಿಯಂ ಅನ್ನು ಬಿಡುವುದಿಲ್ಲವಂತೆ. ನಾವು ಓಡಿದಾಗ, ಬೆಚ್ಚಿದಾಗ ಬಾಗಿಲಿಗೆ ಫಾಸ್ಫೇಟ್ ಅಂಟಿ ಅದು ಇನ್ನಷ್ಟು ತೆರೆಯುತ್ತದಂತೆ, ಅದರಿಂದಲೇ ಗುಂಡಿಗೆ ಎರಡು ಬಡಿತಗಳ ನಡುವೆ ಬೇಗ ಸುಧಾರಿಸಿಕೊಳ್ಳುತ್ತದಂತೆ. "ಆಯ್ತು ಸಾ, ಎಷ್ಟು ಚಿಪ್ಪು ಕೊಡ್ಲಿ?" ಎಂದು ಹಣ್ಣಿನವನು ಕೇಳಿದರೂ ಬಿಡರು. ಎಳನೀರಿನವನ ಮುಂದೆಯೂ ಅದೇ, ಬೀಗರ ಮನೆಯ ಪಂಕ್ತಿಯಲ್ಲೂ ಅದೇ. "ನಿಮ್ಮನ್ನ ಕಂಡ್ರೆ ಜನ ದೂರ ಓಡ್ತಾರೆ ಕಣ್ರೀ, ಸಾಕು ಮಾಡಿ!" ಎಂದು ಆಕೆ ಗದರುತ್ತಲೇ ಇರುತ್ತಾರೆ. ಮೊನ್ನೆ ನಂಜನಗೂಡಿನ ಬಸ್ಸಿನಲ್ಲಿ ದಂಪತಿಯ ಪಕ್ಕದಲ್ಲಿ ಕೂತ ಹದಿನಾರು ಗ್ರಾಮದ ಹೆಂಗಸು, "ನಮ್ ಮಗೀಗೆ ಉಟ್ದಾಗ್ನಿಂದ ಕಿವಿ ಕೇಳಕಿಲ್ಲ ಕಣವ್ವ. ಓಡುದ್ರೆ ಗ್ಯಾನ ತಪ್ಪಿ ಬಿದ್ದೋಯ್ತದೆ, ಗಾಳಿ ಮೆಟ್ಕಂಡದೆ ಅಂತಾರೆ" ಎಂದಳು. ಗೌರಮ್ಮಣ್ಣಿ ಬೆಚ್ಚಿ ಅವಳತ್ತ ತಿರುಗಿದರು. ಅವರ ಒಬ್ಬಳೇ ಮಗಳು ಮಧುಶ್ರೀಯೂ ಹುಟ್ಟುಕಿವುಡಿ. ಶಾಲೆಯ ಓಟದಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ. ಅವಳ ಕಿವಿಯಲ್ಲೂ ಗುಂಡಿಗೆಯಲ್ಲೂ ಆ ಪೊಟ್ಯಾಸಿಯಂ ಬಾಗಿಲೇ ಕೆಟ್ಟಿತ್ತೆಂದು ಮೈಸೂರಿನ ಡಾಕ್ಟರು ಹೇಳಿದ್ದು ಮಣ್ಣು ಮಾಡಿದ ಮೇಲೆ. "ರೀ, ಇವ್ರಿಗೆ ಹೇಳಿ, ಎಲ್ಲಾ ಹೇಳಿ" ಎಂದು ಆಕೆ ಗಂಡನ ತೋಳು ಅಲುಗಿಸಿದರು. ಮೇಷ್ಟ್ರು ಕನ್ನಡಕ ತೆಗೆದು ಕಿಟಕಿಯತ್ತ ಮುಖ ತಿರುಗಿಸಿದರು. ಕೊನೆಗೆ ಗೌರಮ್ಮಣ್ಣಿಯೇ ಆ ಹೆಂಗಸಿನ ಕೈ ಹಿಡಿದು, "ಗಾಳಿಯಲ್ಲ ತಾಯಿ, ಗುಂಡಿಗೆ. ಮಗೂನ ಓಡೋಕೆ ಬಿಡಬೇಡ, ಇವತ್ತೇ ಇಸಿಜಿ ತೆಗೆಸು. ನಾವೂ ಬರ್ತೀವಿ" ಎಂದರು.