ಊರಿನ ಪುಟದಲ್ಲಿ ನನ್ನ ಹೆಸರು

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಬೆಟಗೇರಿಯ ಮಗ್ಗದ ಮನೆಯೊಂದರಲ್ಲಿ ದುಡಿಯುತ್ತ ಏಳು ವರ್ಷಕ್ಕೆ ಬಿ.ಎ. ಮುಗಿಸಿದೆ. ಇಂಗ್ಲಿಷಿಗೆ ಮೂರು ಸಲ ಕುಳಿತೆ. ಆಮೇಲೆ ಬಿ.ಎಡ್. ಈಗ ಲಕ್ಷ್ಮೇಶ್ವರದಲ್ಲಿ ಮೇಷ್ಟ್ರು. ಇದನ್ನೆಲ್ಲ ಯಾರೂ ಕೇಳದಿದ್ದರೂ ಹೇಳುತ್ತೇನೆ.

ಗದಗಿನ ಕಾಲೇಜೊಂದರಲ್ಲಿ ಒಂದು ಶನಿವಾರ ತರಬೇತಿ ಇಟ್ಟಿದ್ದರು. ಅಂತರ್ಜಾಲದಲ್ಲಿ ಎಲ್ಲರೂ ಕೂಡಿ ಬರೆಯುವ ವಿಶ್ವಕೋಶಕ್ಕೆ ಪುಟ ಬರೆಯುವುದು ಹೇಗೆಂದು ಕಲಿಸಿದರು. ಒಂದು ವಿಷಯಕ್ಕೆ ಒಂದೇ ಪುಟ. ತಲೆಬರಹದಲ್ಲಿ ಹೆಸರಷ್ಟೇ ಇರಬೇಕು, ‘ನಮ್ಮ ಹೆಮ್ಮೆಯ’ ಎಂದೆಲ್ಲ ಹಾಕುವಂತಿಲ್ಲ. ಪುಟದ ಕೆಳಗೆ ಅದು ಯಾವ ವರ್ಗಕ್ಕೆ ಸೇರಿದ್ದೆಂದು ಬರೆಯಬೇಕು. ಪ್ರತಿ ಪುಟದ ಬೆನ್ನಿಗೆ ಒಂದು ಚರ್ಚೆಯ ಪುಟ ಇರುತ್ತದೆ, ಜಗಳವೇನಿದ್ದರೂ ಅಲ್ಲಿ. ಬರೆಯುವವನಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಬೇರೆಯೇ ಒಂದು ಸದಸ್ಯರ ಪುಟ. ಈ ಕೊನೆಯದನ್ನು ಹೇಳುವಾಗ ನಾನು ಚಹಾಕ್ಕೆ ಎದ್ದುಹೋಗಿದ್ದೆ.

ಶಿರಹಟ್ಟಿ ತಾಲ್ಲೂಕಿನ ನಮ್ಮ ಊರಿಗೆ ಪುಟ ಇರಲಿಲ್ಲ. ಅಂದೇ ಮಾಡಿದೆ. ‘ಗದಗ ಜಿಲ್ಲೆಯ ಹಳ್ಳಿಗಳು’ ಎಂಬ ವರ್ಗಕ್ಕೆ ಸೇರಿಸಿದೆ. ಒಳಗೆ ಮೂರು ಭಾಗ: ನೆಲ, ಬೆಳೆ, ಪ್ರಮುಖ ವ್ಯಕ್ತಿಗಳು. ಮೂರನೆಯದರಲ್ಲಿ ಒಂದೇ ಹೆಸರಿತ್ತು. ಮುಂದೆ ಆವರಣದಲ್ಲಿ ಬಿ.ಎ., ಬಿ.ಎಡ್.

ಅಪ್ಪನಿಗೆ ಫೋನು ಮಾಡಿದೆ. “ಅಪ್ಪಾ, ಊರಿನ ಪುಟದಾಗ ನನ್ನ ಹೆಸರು ಬಂದೈತಿ.”

“ಯಾರ ಹಾಕಿದ್ರಪಾ?”

“ಹಾಕೋ ಪದ್ಧತಿ ಐತಿ,” ಎಂದೆ.

ಅಪ್ಪ ಓದು ಬಾರದವನು. ಆದರೆ ಖಬರು ಮುಟ್ಟಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು. ಡೋಣಿ ಎಂಬ ಹಳ್ಳಿಗೆ ಹೋಗಿ ನೆಲೆಸಿದ್ದ ದೊಡ್ಡಪ್ಪನಿಗೂ ಗೊತ್ತಾಗಿ, ಮುಂದಿನ ಭಾನುವಾರ ಕಣ್ಣಾರೆ ನೋಡಲು ಬರುವುದಾಗಿ ಹೇಳಿದ.

ಮಂಗಳವಾರ ಯಾರೋ ನನ್ನನ್ನು ತೆಗೆದುಹಾಕಿದರು. ಚರ್ಚೆಯ ಪುಟದಲ್ಲಿ ಕಾರಣ ಕೊಟ್ಟಿದ್ದರು: ಆಧಾರವಿಲ್ಲ, ತಮ್ಮ ಬಗ್ಗೆ ತಾವೇ ಬರೆಯಬಾರದು, ಅದಕ್ಕೆ ಸದಸ್ಯರ ಪುಟವಿದೆ. ಆಧಾರ ನನ್ನಲ್ಲಿತ್ತು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಡಿಗ್ರಿ ಅಚ್ಚು ಹಾಕಿಸುತ್ತಾರೆ. ತಂಗಿಯ ಲಗ್ನಪತ್ರಿಕೆಯಲ್ಲಿ ನನ್ನದಿತ್ತು. ಅದನ್ನೇ ಆಧಾರವೆಂದು ಬರೆದೆ. ಆ ಪತ್ರಿಕೆಯನ್ನು ಅಚ್ಚು ಹಾಕಿಸಿದವರು ಯಾರೆಂದು ಅತ್ತಲಿಂದ ಕೇಳಿದರು. ಹಾಕಿಸಿದವನು ನಾನೇ. ಕರಡು ತಿದ್ದಿದವನೂ ನಾನೇ. ಪುಟ ಮುಚ್ಚಿದೆ.

ಭಾನುವಾರ ನಾನು ಊರಿಗೆ ಹೋದೆ. ದೊಡ್ಡಪ್ಪನೂ ಬಂದ. ಮೂರನೆಯ ಇಯತ್ತೆವರೆಗೆ ಓದಿದವನು. ಚಹಾ ಮುಗಿದ ಮೇಲೆ ಹೇಳಿದೆ: “ನನ್ನ ಹೆಸರು ತಗದಾರ, ದೊಡ್ಡಪ್ಪ.”

“ಯಾಕ?”

“ನನ್ನ ಬಗ್ಗೆ ನಾನ ಬರದಿದ್ನಿ.”

ಅಪ್ಪ ತಲೆ ಎತ್ತಿದ. “ಪದ್ಧತಿ ಐತಿ ಅಂದಿದ್ದೆಲ್ಲೋ?”

“ಇಲ್ಲಪಾ.”

“ಊರ ತುಂಬ ಹೇಳೇನಿ ನಾ. ಈಗ ಮಂದಿಗೆ ಏನಂತ ಹೇಳ್ಲಿ?”



“ಅದಿರ್ಲಿ,” ಎಂದ ದೊಡ್ಡಪ್ಪ. “ಊರರೆ ಬಿಟ್ಟಾರೋ, ಅದನ್ನೂ ತಗದಾರೋ? ತಾ ಇಲ್ಲೆ.”

ಫೋನು ಕೊಟ್ಟೆ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದುವುದು ಅವನ ರೂಢಿ. ಬೆರಳಿಟ್ಟ ಕೂಡಲೇ ಪುಟ ಸರಿಯುತ್ತಿತ್ತು. “ನಿಂದರ್ಲೇ!” ಎಂದು ಪುಟಕ್ಕೆ ಬೈದ. ಕೊನೆಗೆ ಫೋನು ನಾನು ಹಿಡಿದುಕೊಂಡೆ, ಅವನು ಗಾಳಿಯಲ್ಲಿ ಬೆರಳಾಡಿಸುತ್ತ ಓದಿದ. ‘ಊರಿನ ಉತ್ತರಕ್ಕೆ ಕೆರೆಯಿದೆ’ ಎಂಬಲ್ಲಿಗೆ ಬಂದು ನಿಂತ.

“ಕೆರಿ ಯಾವಾಗ ಎದ್ದ ಹೋತಲೇ ಉತ್ತರಕ್ಕ?”

“ಅಲ್ಲೇ ಐತೆಲ್ಲ ದೊಡ್ಡಪ್ಪ, ನಮ್ಮ ಬಾಗಲದ ಎದರಿಗೆ.”

“ಬಾಗಲಾ ಯಾವ ದಿಕ್ಕಿಗೈತಿ?”

ಹೊರಗೆ ಹೋಗಿ ನೋಡಿ ಬಂದೆ. ಪೂರ್ವಕ್ಕಿತ್ತು.

“ಇದನ್ನ ತಿದ್ದಾಕ ಬರ್ತೈತೇನು?” ಎಂದ ದೊಡ್ಡಪ್ಪ.

“ಯಾರ ಬೇಕಾದ್ರೂ ತಿದ್ದಬಹುದು.”

“ಮೂರನೇತ್ತೆ ಓದಿದಾಂವನೂ?”

“ಎಷ್ಟ ಓದೀಯಂತ ಅಲ್ಲೆ ಕೇಳೂದಿಲ್ಲ.”

ಹಾಗೆಂದು ಹೇಳುವಾಗ ನನಗೆ ಅಷ್ಟು ಹಿತವೆನಿಸಲಿಲ್ಲ. ಏಳು ವರ್ಷದ ಪದವಿ ನನ್ನದು. ಆದರೂ ಅಕ್ಷರದ ಕೀಲಿಗಳನ್ನು ತೋರಿಸಿಕೊಟ್ಟೆ. ‘ಉತ್ತರ’ ಹೋಗಿ ‘ಪೂರ್ವ’ ಬರಲು ಕಾಲು ತಾಸು ಹಿಡಿಯಿತು. ಯಾರು ಯಾವಾಗ ಏನು ಬದಲಿಸಿದರೆಂದು ಪುಟದ ಇತಿಹಾಸ ದಾಖಲಿಸಿಕೊಳ್ಳುತ್ತದೆ. ಖಾತೆ ನನ್ನದಾದ್ದರಿಂದ ತಿದ್ದಿದವನ ಹೆಸರೂ ನನ್ನದೇ ಬೀಳುತ್ತಿತ್ತು. ಕಾರಣ ಬರೆಯುವ ಜಾಗದಲ್ಲಿ ‘ದೊಡ್ಡಪ್ಪ ತಿದ್ದಿದ್ದು’ ಎಂದು ಬರೆದು ಉಳಿಸಿದೆ.

 ದೊಡ್ಡಪ್ಪನನ್ನು ಬಸ್ಸಿಗೆ ಬಿಡಲು ನಾನೂ ಅಪ್ಪನೂ ಹೋದಾಗ ನಿಲ್ದಾಣದ ಕಟ್ಟೆಯ ಮೇಲೆ ನಾಲ್ಕು ಮಂದಿ ಕುಳಿತಿದ್ದರು. ಪುಟದ ಸುದ್ದಿ ಅವರೇ ತೆಗೆದರು. ನಾನು ಬಸ್ಸು ಬರುವ ದಾರಿ ನೋಡತೊಡಗಿದೆ.

“ಏನ್ ಹೇಳ್ಲಿರಿ,” ಎಂದ ಅಪ್ಪ. “ಬಿ.ಎ., ಬಿ.ಎಡ್. ಓದಿದ ನನ್ನ ಮಗಾ ಕೆರಿ ತಪ್ಪ ಬರದಿದ್ದ. ನಮ್ಮಣ್ಣ ಬಂದ ಸರಿ ಮಾಡಿದ ನೋಡ್ರಿ.”

ಎಲ್ಲರೂ ನಕ್ಕರು. ನನ್ನ ಪದವಿಗೆ ಆಧಾರವನ್ನು ಮಾತ್ರ ಯಾರೂ ಕೇಳಲಿಲ್ಲ.