ಸೂರ್ಯ ಮೇಲಿರುವ ನಕ್ಷೆ

ನೀರಿನ ಟ್ಯಾಂಕಿನ ನೆತ್ತಿಗೆ ಮೊದಲ ಬೆಳಕು ತಾಕುವ ಹೊತ್ತಿಗೆ ಲೊರೇನ್ ಎಟ್ಸಿಟ್ಟಿ ಆಗಲೇ ಕೆಲಸಕ್ಕೆ ಇಳಿದಿದ್ದಾರೆ. ಪಿಕಪ್ ವಾಹನದ ಬಾನೆಟ್ಟೇ ಅವರ ಮೇಜು. ಅದರ ಮೇಲೆ ಐದು ಚೀಟಿಗಳು, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕೆಂಪು ಕಲ್ಲು. ಕೂದಲು ಹಿಂದಕ್ಕೆ ಬಿಗಿದು ಉಣ್ಣೆದಾರದಲ್ಲಿ ಕಟ್ಟಿದ್ದಾರೆ. ಮೂಗಿನ ತುದಿಗೆ ಕನ್ನಡಕ. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನಾಡಿನ ಈ ಬಯಲಿನಲ್ಲಿ ಕುರಿಗಳೂ ಇನ್ನೂ ಎದ್ದಿಲ್ಲ.

"ಐದು ಚೀಟಿ. ಅದ್ರಲ್ಲಿ ನಾಕು ನಿಜ ಆಗ್ಲೇಬೇಕು. ಗಡುವು ಸಂಜೆ ಐದಕ್ಕೆ," ಎನ್ನುತ್ತಾರೆ, ವರದಿ ಬರೆಯಲೆಂದು ದಿನವಿಡೀ ಜೊತೆಗಿರಲು ಬಂದ ನನಗೆ, ಕಣ್ಣು ಚೀಟಿಯಿಂದ ಎತ್ತದೆ.

ಲೊರೇನ್ ರಾಜ್ಯದ ಚುನಾವಣಾ ನಿಧಿ ಕಚೇರಿಯ ಕ್ಷೇತ್ರ ಪರಿಶೀಲಕಿ. ಶ್ರೀಮಂತರ ಹಣ ಮುಟ್ಟದೆ ಶಾಸನಸಭೆಗೆ ನಿಲ್ಲಬಯಸುವವರಿಗೆ ಪ್ರಚಾರದ ಖರ್ಚನ್ನು ರಾಜ್ಯವೇ ಕೊಡುತ್ತದೆ. ಆದರೆ ಮೊದಲು ಅವರು ತಮ್ಮ ಕ್ಷೇತ್ರದ ಇನ್ನೂರು ಮತದಾರರಿಂದ ತಲಾ ಐದು ಡಾಲರ್ ಪಡೆದು, ಒಬ್ಬೊಬ್ಬರಿಂದಲೂ ಸಹಿಯ ಚೀಟಿ ತರಬೇಕು. ಸಹಿ ನಿಜವೇ, ಸಹಿ ಹಾಕಿದವರು ಆ ಕ್ಷೇತ್ರದವರೇ ಎಂದು ನೋಡುವುದು ಲೊರೇನ್ ಕೆಲಸ. ಈ ಸಲ ಶಾಲಾ ಬಸ್ಸಿನ ಚಾಲಕನೊಬ್ಬ ಅಭ್ಯರ್ಥಿ. ಅವನ ನೂರ ತೊಂಬತ್ತಾರು ಚೀಟಿಗಳು ಒಪ್ಪಿಗೆಯಾಗಿವೆ. ಐದನ್ನು ರಾಜಧಾನಿಯ ನಕ್ಷೆ ವಿಭಾಗ ತಿರಸ್ಕರಿಸಿದೆ: ಮನೆಗಳು ಗಡಿಯಾಚೆ ಇವೆಯಂತೆ.

"ಅವ್ನು ಗೆಲ್ತಾನೋ ಸೋಲ್ತಾನೋ, ಅದು ನಂಗೆ ಬೇಡ. ಅವ್ನ ಮುಖಾನೂ ನಾನು ನೋಡಿಲ್ಲ. ಆದ್ರೆ ಐದು ಜನ ಸಹಿ ಹಾಕಿದಾರೆ. ಇಲ್ಲೇ ಇರೋರನ್ನ ಇಲ್ಲಿಯವರಲ್ಲ ಅಂದುಬಿಟ್ರೆ ಹೇಗೆ?"

ಟ್ಯಾಂಕಿನ ಸುತ್ತಮುತ್ತ ಬೀದಿಯೂ ಇಲ್ಲ, ಮನೆಗೆ ನಂಬರೂ ಇಲ್ಲ. ಹಾಗಾಗಿ ಚೀಟಿಯಲ್ಲೊಂದು ಖಾಲಿ ಚೌಕವಿದೆ. ಮನೆ ಎಲ್ಲಿದೆಯೆಂದು ಜನ ಅಲ್ಲಿ ಚಿತ್ರ ಬರೆಯುತ್ತಾರೆ. ಟ್ಯಾಂಕು, ದಾರಿ, ಬೇಲಿ, ಮನೆ. ಕೆಲವರು ನಾಯಿಯನ್ನೂ ಬರೆಯುತ್ತಾರೆ.

ಮೊದಲ ಮನೆ ಎಂಬತ್ತನಾಲ್ಕರ ನಾನಾಬಾ ಮ್ಯಾನಿಗೋಟ್ಸ್ ಅವರದು. ಎಂಟು ಮೂಲೆಯ ನವಾಹೊ ಮನೆ, ಹೋಗನ್ನಿನ ಬಾಗಿಲಲ್ಲಿ ಎಳೆ ಬಿಸಿಲು ಕಾಯಿಸುತ್ತ ಕೂತಿದ್ದಾರೆ. ಲೊರೇನ್ ಮೊದಲು ತಾಯಿಯ ಕುಲ ಹೇಳುತ್ತಾರೆ, ಆಮೇಲೆ ತಂದೆಯದು. ಅದಾಗದೆ ಇಲ್ಲಿ ಸರ್ಕಾರಿ ಮಾತು ಶುರುವಾಗುವುದಿಲ್ಲ.

"ಗೊತ್ತು ಬಿಡೇ. ಇಪ್ಪತ್ತು ವರ್ಷದಿಂದ ಅದೇ ಕುಲ ಹೇಳ್ತಿದ್ದೀಯ. ಬದಲಾಯಿಸ್ಕೊಂಡಿರ್ತೀಯ ಅಂತ ನಾನೇನು ಕಾದಿಲ್ಲ," ನಾನಾಬಾ ನಗುತ್ತಾರೆ. "ಬಾ, ಕುರಿ ಸಾರು ಬಿಸಿ ಇದೆ."

"ಸಹಿ ಒಣಗ್ಲಿ ಅಜ್ಜಿ, ಆಮೇಲೆ ಉಣ್ತೀನಿ."

"ಸರ್ಕಾರಿ ಹೊಟ್ಟೆಗೆ ನಮ್ಮ ಸಾರು ಸೇರಲ್ವೇನೋ!"

ಸಹಿ ಹಾಕಿದವರ ಮನೆಯಲ್ಲಿ ಪರಿಶೀಲನೆ ಮುಗಿಯುವ ತನಕ ತೊಟ್ಟು ಕಾಫಿಯನ್ನೂ ಲೊರೇನ್ ಮುಟ್ಟುವುದಿಲ್ಲ. ಅವರು ಚೀಟಿಯನ್ನು ಅಜ್ಜಿಯ ಮಡಿಲಲ್ಲಿಡುತ್ತಾರೆ. "ಇದ್ರಲ್ಲಿ ನಿಮ್ಮನೆ ಟ್ಯಾಂಕಿನ ಮೇಲಕ್ಕಿದೆ. ಅಂದ್ರೆ ಬಡಗು ದಿಕ್ಕಿಗೆ. ಅಲ್ಲಿಗೆ ಗಡಿ ದಾಟ್ತು ಅಂತಿದಾರೆ."

ನಾನಾಬಾ ಚೀಟಿ ನೋಡುತ್ತಾರೆ, ಲೊರೇನ್ ಮುಖ ನೋಡುತ್ತಾರೆ, ಕೊನೆಗೆ ಬಾಗಿಲಾಚೆ ಏರುತ್ತಿರುವ ಸೂರ್ಯನನ್ನು ನೋಡುತ್ತಾರೆ. "ಮೇಲಕ್ಕೆ ಅಂದ್ರೆ ಬಡಗು ಅಂತ ಯಾರು ಹೇಳಿದ್ದು? ಮೇಲಿರೋದು ಸೂರ್ಯ ಬರೋ ಕಡೆ. ಬಾಗಿಲು ತೆಗೆದ್ರೆ ಮೊದ್ಲು ಕಾಣೋದು ಮೂಡ್ಲು. ಅಲ್ಲಿಂದ್ಲೇ ತಾನೆ ಬರೆಯೋಕೆ ಶುರು ಮಾಡೋದು? ನಿಮ್ಮ ಕಚೇರಿಗೆ ಬಾಗಿಲಿಲ್ವಾ?"

ಲೊರೇನ್ ಚೀಟಿಯನ್ನು ಮೆಲ್ಲನೆ ಬಲಕ್ಕೆ ಹೊರಳಿಸುತ್ತಾರೆ. ಟ್ಯಾಂಕು ಇದ್ದಲ್ಲೇ ಇದೆ. ಮನೆ ಮಾತ್ರ ಗಡಿಯಾಚೆಯಿಂದ ಇಳಿದು ಬಂದು ಈಗ ನಾವು ಕೂತಿರುವ ಜಾಗದಲ್ಲೇ, ಟ್ಯಾಂಕಿನ ಮೂಡಣಕ್ಕೆ, ಹೊಸ್ತಿಲು ಸಮೇತ ನಿಲ್ಲುತ್ತದೆ. ಅಜ್ಜಿಕಥೆಗಳಲ್ಲಿ ಮಂತ್ರ ಹೇಳಿದೊಡನೆ ಗುಡ್ಡ ಪಕ್ಕಕ್ಕೆ ಸರಿಯುತ್ತದಲ್ಲ, ಹಾಗೆ.

"ಅಯ್ಯೋ! ಅಯ್ಯೋ ಅಜ್ಜೀ!" ಐವತ್ತೆಂಟರ ಲೊರೇನ್ ಎದ್ದು ಹೋಗನ್ನಿನ ಸುತ್ತ ಒಂದು ಸುತ್ತು ಓಡಿ ಬರುತ್ತಾರೆ.

"ಸರ್ಕಾರದವ್ರು ಹಿಂಗೂ ಓಡ್ತಾರಾ?" ಎನ್ನುತ್ತ ನಾನಾಬಾ ದೃಢೀಕರಣದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಕೂತು ಉಣ್ಣುವಷ್ಟು ಹೊತ್ತು ಇವತ್ತಿಲ್ಲ. ಕರಿದ ರೊಟ್ಟಿಯೊಂದು ಹಾಳೆಯಲ್ಲಿ ಸುತ್ತಿಕೊಂಡು ಪಿಕಪ್ ಏರುತ್ತದೆ.

ದಾರಿಯಲ್ಲಿ ಲೊರೇನ್ ಮಾತು ನಿಲ್ಲುವುದಿಲ್ಲ. "ಇಪ್ಪತ್ತೆರಡು ವರ್ಷದಿಂದ ಈ ಚಿತ್ರಗಳು ನನ್ನ ಕೈಲಿ ಓಡಾಡ್ತಿವೆ. ಹೆಸ್ರು ನೋಡಿದ್ರೆ ಸಾಕು, ಮನೆ ಕಣ್ಮುಂದೆ ಬರ್ತಿತ್ತು. ಹಾಗಾಗಿ ಚಿತ್ರಾನ ನಾನು ಓದೇ ಇರ್ಲಿಲ್ಲ." ಹಳೆಯ ಗಡಿ ಎಲ್ಲೋ ದೂರದಲ್ಲಿತ್ತು, ಚಿತ್ರ ಹೇಗೆ ಹಿಡಿದರೂ ನಡೆಯುತ್ತಿತ್ತು. ಈ ವರ್ಷ ಕ್ಷೇತ್ರಗಳನ್ನು ಹೊಸದಾಗಿ ಕೊಯ್ದಾಗ ಗಡಿ ಟ್ಯಾಂಕಿನ ಬಡಗಣಕ್ಕೆ ಎರಡೇ ಮೈಲಿ ದೂರಕ್ಕೆ ಬಂದು ಕೂತಿದೆ.

ಈ ಕೆಲಸಕ್ಕೆ ಮುಂಚೆ ಲೊರೇನ್ ಅಂಚೆ ಕಚೇರಿಯಲ್ಲಿದ್ದರು. ಅವರ ಅಜ್ಜ ಮಹಾಯುದ್ಧದಲ್ಲಿ ಹೋರಾಡಿ ಮರಳಿದಾಗಲೂ ಈ ರಾಜ್ಯದಲ್ಲಿ ಮೂಲನಿವಾಸಿಗಳಿಗೆ ಮತವಿರಲಿಲ್ಲ. ಮುಂದೆ ಮತ ಬಂದ ವರ್ಷ ಅಜ್ಜ ಹೊಸ ಬೂಟು ಕೊಂಡು ಮತಗಟ್ಟೆಗೆ ಹೋದರಂತೆ. ಆ ಬೂಟು ಇವತ್ತಿಗೂ ಲೊರೇನ್ ಮನೆಯ ಅಟ್ಟದಲ್ಲಿದೆ. ದಿನಕ್ಕೆ ನೂರ ನಲವತ್ತು ಮೈಲಿ ಓಡಾಟ, ಅರ್ಧದಷ್ಟು ಮಣ್ಣುದಾರಿ. ಈ ವಸಂತದಲ್ಲೇ ಎರಡು ಸಾವಿರದ ಎಂಟುನೂರು ಚೀಟಿ ನೋಡಿದ್ದಾರೆ. ಶುಕ್ರವಾರ ಸಂತೆಯಲ್ಲಿ ಮೇಜು ಹಾಕಿ ಮಾದರಿ ಮತಪತ್ರ ತೋರಿಸುತ್ತಾರೆ. ಭಾನುವಾರ ರೇಡಿಯೊದಲ್ಲಿ ಏಳು ನಿಮಿಷ, ಯಾರು ಯಾವ ಹುದ್ದೆಗೆ ನಿಂತಿದ್ದಾರೆ, ಆ ಹುದ್ದೆಯವರು ಮಾಡುವುದೇನು ಎಂದು ನವಾಹೊ ಭಾಷೆಯಲ್ಲಿ ಹೇಳುತ್ತಾರೆ. ಖರ್ಚು ಉಳಿಸಲೆಂದು ಅವರ ಹುದ್ದೆಯನ್ನು ಎರಡು ಸಲ ರದ್ದು ಮಾಡಿದ್ದಾರೆ, ಎರಡು ಸಲವೂ ವಾಪಸ್ ಕರೆದಿದ್ದಾರೆ. ಒಮ್ಮೆ ಮಳೆಗಾಲದ ಕೆಸರಿನಲ್ಲಿ ವಾಹನ ಹೂತು, ಎರಡು ದಿನ ಡಬ್ಬಿಯ ಪೀಚ್ ಹಣ್ಣು ತಿಂದು ಕಾದಿದ್ದರು. "ಚೀಟಿ ಒಂದೂ ನೆನೀಲಿಲ್ಲ," ಎನ್ನುವುದಷ್ಟೇ ಅದರ ಬಗ್ಗೆ ಅವರು ಹೇಳುವ ಮಾತು.

ಎರಡನೆಯ ಚೀಟಿ ಲೊರೇನ್‌ರ ಸ್ವಂತ ಚಿಕ್ಕಮ್ಮ ಐಲೀನ್‌ರದು. ಸುದ್ದಿ ಪಿಕಪ್‌ಗಿಂತ ಮುಂಚೆ ಬಂದು ತಲುಪಿದೆ. "ಹೊರಳಿಸ್ತೀಯಂತಲ್ಲ! ನಂದೂ ಹೊರಳ್ಸು, ಮುಗೀತು!" ಎನ್ನುತ್ತ ಚಿಕ್ಕಮ್ಮ ಅಂಗಳಕ್ಕೇ ಬಂದಿದ್ದಾರೆ.

ಲೊರೇನ್ ಚೀಟಿಯನ್ನು ಹೊರಳಿಸುವುದಿಲ್ಲ. ಐಲೀನ್ ಹೋದ ವರ್ಷ ಮಗಳ ಮನೆಗೆ ಬಂದು ನೆಲೆಸಿದ್ದಾರೆ. ಈ ಮನೆ ನಿಜವಾಗಿಯೂ ಟ್ಯಾಂಕಿನ ಬಡಗಣಕ್ಕೆ ಮೂರು ಮೈಲಿ. ಅವರು ಓದಿದ್ದು ದೂರದ ಸರ್ಕಾರಿ ವಸತಿ ಶಾಲೆಯಲ್ಲಿ. ಬಡಗು ಮೇಲಿರಬೇಕು ಎಂದು ಅಲ್ಲಿ ಕೋಲು ಹಿಡಿದು ಕಲಿಸಿದ್ದರು. ಅವರ ಚಿತ್ರ ಹೇಗಿದೆಯೋ ಹಾಗೇ ಸರಿ.

"ಚಿಕ್ಕಮ್ಮ, ನಿಮ್ದು ಆಗಲ್ಲ."

"ಆಗಲ್ವಾ? ನಿನ್ನ ಮೂಗು ಒರೆಸಿದ ಕೈ ಇದು!"

"ಅದೇ ಕೈಲಿ ಸರಿಯಾಗಿ ಬರೆದುಬಿಟ್ರಲ್ಲ, ನಾನೇನು ಮಾಡ್ಲಿ? ಹೊರಳಿಸಿದ್ರೆ ಅದು ಸುಳ್ಳಾಗುತ್ತೆ. ಈ ಒಂದು ಸುಳ್ಳು ಸೇರಿದ್ರೆ ನಾಳೆ ಉಳಿದ ನಾಲ್ಕನ್ನೂ ಯಾರೂ ನಂಬಲ್ಲ."

ಐಲೀನ್ ಚೀಟಿಯನ್ನೊಮ್ಮೆ ದುರುಗುಟ್ಟಿ ನೋಡುತ್ತಾರೆ. ಆಮೇಲೆ, "ಹಾಳಾದ ಶಾಲೆ," ಎಂದು ಗೊಣಗಿ, ಚೀಟಿಯ ಜೊತೆಗಿದ್ದ ಐದು ಡಾಲರಿನ ನೋಟು ವಾಪಸ್ ಪಡೆದು ಜೇಬಿಗೆ ತುರುಕಿಕೊಳ್ಳುತ್ತಾರೆ. "ಹೋಗು, ಹೊತ್ತಾಯ್ತು ನಿಂಗೆ. ಇನ್ನು ಒಂದೂ ತಪ್ಪೋ ಹಾಗಿಲ್ಲ."

ಮೂರನೆಯದು, ನಾಲ್ಕನೆಯದು ಸಂತೆಯಲ್ಲಿ ಕುರಿಮಾಂಸ ಸುಡುವ ಗಂಡ ಹೆಂಡತಿಯದು. ಹೊಗೆಯ ನಡುವೆಯೇ ಚೀಟಿ ಹೊರಳುತ್ತದೆ. ಎರಡು ಚೀಟಿಯಲ್ಲೂ ಟ್ಯಾಂಕಿನ ಮೂಡಣಕ್ಕೆ ಒಂದೇ ಮನೆ, ಆದರೆ ಹೆಂಡತಿಯ ಚಿತ್ರದಲ್ಲಿ ಗಂಡನ ಕೆಟ್ಟು ನಿಂತ ಮೂರು ಕಾರುಗಳೂ ಇವೆ. "ಗುರುತು ಸಿಗ್ಲಿ ಅಂತ ಬರ್ದೆ," ಎನ್ನುತ್ತಾಳೆ ಆಕೆ. "ರಿಪೇರಿ ಮಾಡ್ತೀನಿ ಅಂದಿದೀನಲ್ಲ!" ಗಂಡ ರೇಗುತ್ತಾನೆ. "ನಮ್ಮೋರಿಗೆ ಮತ ಬಂದ ವರ್ಷ ಕೊಟ್ಟ ಮಾತದು," ಎನ್ನುತ್ತ ಆಕೆ ಸಹಿ ಹಾಕುತ್ತಾಳೆ.

ಈಗ ಮೂರೂವರೆ. ಐದನೆಯವನಾದ ಕುರುಬ ಹೋಸ್ಕಿ ಬಿಟ್ಸಿಲ್ಲಿ ಬೇಸಿಗೆಯ ಹುಲ್ಲಿಗೆಂದು ಕುರಿ ಹೊಡೆದುಕೊಂಡು ಬೆಟ್ಟ ಏರಿದ್ದಾನೆ. ಪಿಕಪ್ ಏದುಸಿರು ಬಿಡುತ್ತ ಹತ್ತುತ್ತದೆ, ದಾರಿ ಮುಗಿದಲ್ಲಿ ಲೊರೇನ್ ಇಳಿದು ನಡೆಯುತ್ತಾರೆ, ನಡೆಯುತ್ತ ನಡೆಯುತ್ತ ಓಡುತ್ತಾರೆ. ಪೈನ್ ಮರಗಳ ಸಂದಿಯಿಂದ ಗಂಟೆಯ ಸದ್ದು ಕೇಳುತ್ತದೆ. ಮೊದಲು ಆಡುಗಳು, ಆಮೇಲೆ ಕುರಿಗಳು, ಅವುಗಳ ಹಿಂದೆ ಕುದುರೆಯ ಮೇಲೆ ಹೋಸ್ಕಿ.

"ಇದೇನಕ್ಕಾ, ನನ್ನ ಐದು ಡಾಲರ್ ಬೆಟ್ಟ ಹತ್ಕೊಂಡು ಬಂದ್ಬಿಡ್ತು? ಪೆಟ್ರೋಲಿಗೆಷ್ಟು ಸುಟ್ಟೆ?"

"ಇಪ್ಪತ್ತು. ಬೇಗ ಹೇಳಪ್ಪ, ನಿನ್ನ ಮನೆ ಟ್ಯಾಂಕಿಂದ ಯಾವ ಕಡೆ?"

ಹೋಸ್ಕಿ ಯೋಚಿಸದೆ ತುಟಿ ಮುಂದೆ ಚಾಚಿ ದಿಕ್ಕು ತೋರಿಸುತ್ತಾನೆ. ಇಲ್ಲಿನವರು ಬೆರಳು ಚಾಚಿ ತೋರಿಸುವುದಿಲ್ಲ. ಮೂಡಣ. ಕುದುರೆಯ ಜೀನಿನ ಮೇಲೆ ಕಾಗದ ಇಟ್ಟು ಅವನು ಸಹಿ ಹಾಕುವಾಗ ಕುದುರೆ ಒಂದು ಹೆಜ್ಜೆ ಸರಿದು, ಕೊನೆಯ ಅಕ್ಷರಕ್ಕೆ ಉದ್ದನೆಯ ಬಾಲ ಬರುತ್ತದೆ.

ನಾಲ್ಕು ಗಂಟೆ ನಲವತ್ತು ನಿಮಿಷ. ಫೋನಿಗೆ ಸಿಗ್ನಲ್ ಸಿಗುವುದು ಬೆಟ್ಟದ ಒಂದೇ ಬಂಡೆಯ ಮೇಲೆ. ಅದರ ಮೇಲೆ ನಿಂತು ಲೊರೇನ್ ಕಾಗದಗಳ ಚಿತ್ರ ಕಳಿಸುತ್ತಾರೆ, ರಾಜಧಾನಿಯ ಮೇಲಧಿಕಾರಿ ಹೆಲೆನ್ ಓಸ್ಟರ್‌ಬರ್ಗ್‌ಗೆ ಕರೆ ಮಾಡುತ್ತಾರೆ.

"ಲೊರೇನ್, ನಕ್ಷೆ ವಿಭಾಗದವ್ರು ಎರಡು ಸಲ ನೋಡಿದಾರೆ. ಮನೆಗಳು ಆಚೆಗೇ ಇವೆ," ಹೆಲೆನ್ ದನಿ ದಣಿದಿದೆ.

"ಮೇಡಂ, ನಿಮ್ಮ ಹತ್ರ ಇರೋ ಚೀಟಿ ಪ್ರತಿ ಕೈಗೆ ತಗೊಳ್ಳಿ. ಬಲಕ್ಕೆ ಹೊರಳ್ಸಿ. ಮೇಲಿರೋದು ಮೂಡಣ. ಇಲ್ಲಿ ಎಲ್ಲರ ಮನೆ ಬಾಗಿಲೂ ಆ ಕಡೆಗೇ. ಐಲೀನ್ ಅನ್ನೋರ ಚೀಟಿ ಮಾತ್ರ ಬಿಡಿ, ಅದು ನಿಜವಾಗ್ಲೂ ಆಚೆಯದು. ಅವ್ರು ನನ್ನ ಚಿಕ್ಕಮ್ಮ."

ಆ ಬದಿಯಲ್ಲಿ ಕಾಗದ ಸರಿದಾಡುವ ಸದ್ದು. ಒಂದು ಕುರಿ ಲೊರೇನ್ ಬೂಟು ಮೂಸುತ್ತದೆ. ಹೋಸ್ಕಿ ಕುದುರೆಯಿಂದ ಇಳಿದಿದ್ದಾನೆ.

"ದೇವ್ರೇ," ಎನ್ನುತ್ತಾರೆ ಹೆಲೆನ್, ತೀರ ಮೆಲ್ಲಗೆ. "ಎಲ್ಲಾ ಟ್ಯಾಂಕಿನ ಪಕ್ಕಕ್ಕೇ ಬಂದುಬಿಟ್ವು." ಮತ್ತೆ ಕಾಗದ ಸರಿಯುತ್ತದೆ. ಆಮೇಲೆ ಕಚೇರಿಯ ದನಿಯಲ್ಲಿ, "ನಾಲ್ಕು ಒಪ್ಪಿಗೆ. ಒಂದು ತಿರಸ್ಕೃತ. ಒಟ್ಟು ಇನ್ನೂರು. ನಾಲ್ಕು ಗಂಟೆ ಐವತ್ಮೂರು ನಿಮಿಷ."

ಹೋಸ್ಕಿಯ ಕೂಗಿಗೆ ಕುರಿಗಳು ದಿಕ್ಕಾಪಾಲಾಗುತ್ತವೆ. ಅವನ್ನು ಒಟ್ಟುಮಾಡುವ ಕೆಲಸಕ್ಕೆ ನಾವಿಬ್ಬರೂ ಇಳಿಯಬೇಕಾಗುತ್ತದೆ.

ಎಲ್ಲ ಮುಗಿದ ಮೇಲೆ ಲೊರೇನ್ ಬಂಡೆಯ ಮೇಲೆ ಕೂತು ಹಾಳೆ ಬಿಚ್ಚುತ್ತಾರೆ. ನಾನಾಬಾ ಅಜ್ಜಿಯ ರೊಟ್ಟಿ ತಣ್ಣಗಾಗಿ ಚರ್ಮದಂತಾಗಿದೆ. ಅವರು ಅದನ್ನು ಹಬ್ಬದೂಟದ ಹಾಗೆ ತಿನ್ನುತ್ತಾರೆ. ಬಸ್ಸಿನ ಚಾಲಕನಿಗೆ ಇಷ್ಟೆಲ್ಲ ನಡೆದದ್ದು ಗೊತ್ತಾಗುವುದೇ ಎಂದು ಕೇಳಿದರೆ, "ಯಾಕೆ ಗೊತ್ತಾಗ್ಬೇಕು? ಅವ್ನ ಎದುರಾಳಿಗೂ ನಾನು ಇಷ್ಟೇ ಓಡ್ತಿದ್ದೆ," ಎನ್ನುತ್ತಾರೆ.

ಬದಲಿಗೆ ನಿಮಗೇನು ಬೇಕು ಎಂದು ಕೇಳುತ್ತೇನೆ.

ಲೊರೇನ್ ಚೀಟಿಯೊಂದನ್ನು ತೊಡೆಯ ಮೇಲಿಟ್ಟು, ಚಿತ್ರ ಬರೆಯುವ ಚೌಕದ ಅಂಚನ್ನು ಬೆರಳಿನಿಂದ ಸವರುತ್ತಾರೆ. "ಮುಂದಿನ ಸಲ ಅಚ್ಚು ಹಾಕಿಸುವಾಗ ಇಲ್ಲೊಂದು ಸಣ್ಣ ಜಾಗ ಬಿಡ್ಲಿ, ಉಗುರಿನಷ್ಟು ಸಾಕು. ಸೂರ್ಯ ಯಾವ ಕಡೆಯಿಂದ ಬರ್ತಾನೆ ಅಂತ ಬರೆಯೋಕೆ. ಉಳಿದದ್ದನ್ನ ನಮ್ಮೋರು ಮೊದ್ಲಿಂದ್ಲೂ ಸರಿಯಾಗೇ ಬರೀತಿದಾರೆ."