ಆಯಿಯ ಎಡಗೈ

ನಾನು ಹುಟ್ಟಾ ಎಡಚಿ. ಭಾವಿಕೇರಿಯ ನಮ್ಮ ಮನೆಯಲ್ಲಿ ಅದೊಂದು ದೊಡ್ಡ ರಾಮಾಯಣ. ಎಡಗೈ ಅನ್ನದ ತಾಟಿಗೆ ಹೋಯಿತೆಂದರೆ ನನ್ನ ಹೆತ್ತ ಆಯಿಯ ಸೌಟಿನ ಹಿಡಿ ಗೆಣ್ಣಿನ ಮೇಲೆ ಬಿತ್ತೆಂದೇ ಲೆಕ್ಕ.

"ಆ ಕೈಲಿ ತಿಂತ್ಯೇನೇ? ನಾಳೆ ನಾಕು ಜನ್ರಿಗೆ ಹೆಂಗೆ ಬಡಿಸ್ತೆ? ಮಾನ ಹೋಗ್ತದೆ ನಮ್ದು!"

ಅಂತೂ ಬಲಗೈಯಲ್ಲಿ ಉಣ್ಣಲು ಕಲಿತೆ. ಮದುವೆಯಾಗಿ ಕಾರವಾರಕ್ಕೆ ಬಂದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಉಣ್ಣುತ್ತಿದ್ದೆ. ಕದ್ದು ತಿನ್ನುವ ಬೆಕ್ಕೂ ಅಷ್ಟು ಹೆದರಲಿಕ್ಕಿಲ್ಲ.

ಆಯಿಗೆ ಪಾರ್ಶ್ವವಾಯು ಹೊಡೆದ ಸುದ್ದಿ ಮೊಬೈಲಿನಲ್ಲಿ ಬಂತು. ಆಗಿನ್ನೂ ಮೊಬೈಲು ಹೊಸತು. ಸಿಗ್ನಲ್ ಸಿಗುವ ಅಂಗಳದ ಮೂಲೆಯಲ್ಲಿ ನಿಂತು ಅಣ್ಣ ಕೂಗಿ ಕೂಗಿ ಹೇಳಿದ. ಹೋಗಿ ನೋಡಿದರೆ ಬಲಭಾಗವೆಲ್ಲ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಆಯಿ ಊಟವನ್ನೇ ಬಿಟ್ಟಳು. ಚಮಚದಲ್ಲಿ ತಿನ್ನಿಸಹೋದರೆ ಮುಖ ತಿರುಗಿಸುತ್ತಾಳೆ. ತಾಟು ಮುಂದಿಟ್ಟರೆ ಜೀವವಿಲ್ಲದ ಬಲಗೈಯನ್ನು ಎಡಗೈಯಿಂದ ಎತ್ತಿ ಅನ್ನದ ಮೇಲಿಡುತ್ತಾಳೆ, ಅದು ಜಾರಿ ಮಡಿಲಿಗೆ ಬೀಳುತ್ತದೆ. ಎಡಗೈ ಚೆನ್ನಾಗಿಯೇ ಇತ್ತು. ಆದರೆ ನೋಡಲು ಬಂದವರೆಲ್ಲ ಸುತ್ತ ಕೂತಿರುವಾಗ ಆ ಕೈಯಲ್ಲಿ ಉಣ್ಣಲು ಅವಳು ಸುತಾರಾಂ ಒಪ್ಪಲಿಲ್ಲ. ಹೀಗೇ ಬಿಟ್ಟರೆ ಹಸಿವಿನಿಂದಲೇ ಸಾಯುತ್ತಾಳೆಂದು ನನಗೆ ದಿಗಿಲಾಯಿತು.

ಒಂದು ಮಧ್ಯಾಹ್ನ ತಲೆ ಕೆಟ್ಟುಹೋಯಿತು. ಅತ್ತಿಗೆ, ಅಮದಳ್ಳಿಯಿಂದ ಬಂದಿದ್ದ ಆಯಿಯ ತಂಗಿ ಚಿಕ್ಕಿ, ನೆರೆಯ ಹೆಂಗಸರು ಎಲ್ಲ ಇದ್ದರು. ಎರಡು ತಾಟಿಗೆ ಅನ್ನ, ಬಂಗಡೆ ಸಾರು ಬಡಿಸಿಕೊಂಡು ಆಯಿಯ ಮಂಚದ ಮೇಲೇ ಕೂತೆ. ಎರಡು ಮಕ್ಕಳ ತಾಯಿಯಾದರೂ ಸೌಟಿನ ಭಯ ಹೋಗಿರಲಿಲ್ಲ. ಎಲ್ಲರೆದುರೇ ಎಡಗೈಯಲ್ಲಿ ಅನ್ನ ಕಲಸಿ ತುತ್ತು ಬಾಯಿಗಿಟ್ಟೆ.

"ಶೀ! ಎಂತದೇ ಅದು?" ಎಂದಳು ಅತ್ತಿಗೆ.

"ನಾ ಉಣ್ಣುದೇ ಹಿಂಗೆ. ನೋಡುಕಾಗ್ದಿದ್ರೆ ಹೊರಗೆ ಹೋಗಿ," ಎಂದೆ.

ಆಯಿ ನನ್ನನ್ನೇ ನೋಡಿದಳು. ಆಮೇಲೆ ಅವಳ ಎಡಗೈ ಮೆಲ್ಲಗೆ ತಾಟಿಗೆ ಬಂತು. ಆ ಒಂದೇ ಕೈಯಲ್ಲಿ ಬಂಗಡೆಯ ಬೆನ್ನು ಒತ್ತಿ, ಹೆಬ್ಬೆರಳಿನಿಂದ ಸೀಳಿ, ನಡುಮುಳ್ಳನ್ನು ಇಡಿಯಾಗಿ ಎತ್ತಿ ಅಂಚಿಗಿಟ್ಟಳು. ಅಬ್ಬಾ, ಎಷ್ಟು ಚುರುಕು! ನನಗೂ ಅಷ್ಟು ಚೆಂದ ಬರುವುದಿಲ್ಲ.

ಚಿಕ್ಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಕ್ಕ ಸಣ್ಣಕ್ಕಿರುವಾಗ ಎಡಚಿನೇ ಆಗಿತ್ತು ಮಗಾ. ಅಪ್ಪ ಕೈಗೆ ಬರೆ ಹಾಕಿ ಬಿಡಿಸ್ದ. ನಿಂಗೆ ಹೇಳುದು ಬೇಡ ಅಂತ ನನ್ನ ಹತ್ರ ಆಣೆ ಹಾಕ್ಸ್ಕಂಡಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. ಗೆಣ್ಣಿಗೆ ಬಿದ್ದ ಏಟುಗಳೆಲ್ಲ ಒಟ್ಟಿಗೇ ಉರಿದವು. ಆ ನೋವು ಗೊತ್ತಿದ್ದೂ ಹೊಡೆದಳಲ್ಲ! ಕೇಳೋಣವೆಂದರೆ ಅವಳಿಗೆ ಮಾತಿಲ್ಲ. ಅಷ್ಟರಲ್ಲಿ ಮುಳ್ಳು ಬಿಡಿಸಿದ ಮೀನನ್ನು ಅವಳು ತಾನು ತಿನ್ನದೆ ನನ್ನ ತಾಟಿಗೆ ಹಾಕಿದಳು. ಅರ್ಧ ಮುರಿದು ಅವಳ ತಾಟಿಗೆ ಹಾಕಿ, ಉಳಿದದ್ದನ್ನು ಅಳುತ್ತಲೇ ತಿಂದೆ. ಅಂದಿನಿಂದ ಆಯಿ ಊಟ ಮಾಡತೊಡಗಿದಳು.

ಆದರೂ ಆ ಮಳೆಗಾಲವನ್ನು ಅವಳು ದಾಟಲಿಲ್ಲ. ಹೆಣ ಎತ್ತುವ ಮೊದಲು ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು ಬಿಟ್ಟರು. ನನ್ನ ಸರದಿ ಬಂದಾಗ ಅತ್ತಿಗೆ ಕಿವಿಯ ಹತ್ತಿರ ಪಿಸುಗುಟ್ಟಿದಳು, "ಇವತ್ತೊಂದಿನ ಬಲಗೈಲಿ ಬಿಡೇ ತಂಗಿ. ಜನ ನೋಡ್ತಾರೆ."

"ನೋಡ್ಲಿ ಅತ್ಗೆ. ಇದು ಆಯಿ ಕೈಯೇ," ಎಂದೆ.

ನೀರು ಒಳಗಿಳಿಯದೆ ತುಟಿಯ ಅಂಚಿನಿಂದ ಹರಿಯಿತು. ಅದೇ ಕೈಯಲ್ಲಿ ಒರೆಸಿದೆ.